ಮಳೆಮರಕ್ಕೆ ದೇವರು ಕರೆಸಿದ ಅಕ್ಕ

ಅಕ್ಕ ಹೋದರು ಅನ್ನುವ ಫೋನು ಬಂದಾಗ ನಾನು ಸ್ಟುಡಿಯೋದಲ್ಲಿ ಒಂದು ಹಸುಗೂಸಿನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಕೂಸು ಕಣ್ಣು ಬಿಡಬೇಕು, ಬಾಯಿ ಮುಚ್ಚಬೇಕು, ನೆಟ್ಟಗೆ ನೋಡಬೇಕು. ಅದೋ, ಕಣ್ಣು ಮುಚ್ಚಿ ಬಾಯಿ ಬಿಟ್ಟು ಕಿರುಚುತ್ತಿತ್ತು. ಫೋನಿನಲ್ಲಿ ಅಕ್ಕನ ತಂಗಿ. "ಬೆಳಗ್ಗೆ ಕಾಫಿ ಕುಡಿದ್ಲು, ಲೋಟ ಕೆಳಗಿಟ್ಲು, ಅಷ್ಟೇ ಕಣಪ್ಪಾ" ಅಂದರು. ನನಗೆ ಏನೂ ತೋಚದೆ "ಯಾವ ಲೋಟ?" ಅಂತ ಕೇಳಿಬಿಟ್ಟೆ. ಅದೇನು ಕೇಳುವ ಮಾತೇ! ಆದರೆ ಸಿಡಿಲು ಬಡಿದವನ ಬಾಯಲ್ಲಿ ಇನ್ನೇನು ಬರುತ್ತದೆ? ಹಿಂದಿನ ಭಾನುವಾರವಷ್ಟೇ ಆಕೆ ನಮ್ಮನ್ನೆಲ್ಲ ಶಿವಾಜಿನಗರದಿಂದ ಹಲಸೂರು ಕೆರೆಯವರೆಗೆ ನಡೆಸಿಕೊಂಡು ಹೋಗಿದ್ದರು. ಏದುಸಿರು ಬಿಡುತ್ತಿದ್ದವನು ನಾನು, ಅವರಲ್ಲ.

ಅಕ್ಕ ಅಂದರೆ ನನ್ನ ಒಡಹುಟ್ಟಿದವರೇನಲ್ಲ. ನಮ್ಮದು ಈ ಪೂರ್ವದ ಕಡೆಯ ಹಳೆಯ ಊರಿನ ಒಕ್ಕಲು ಮನೆತನ. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಬಾಡಿಗೆ ಮನೆಗಳಾದವು, ನನ್ನ ಪಾಲಿಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ ಉಳಿಯಿತು. ಅವರದು ಹಲಸೂರಿನಲ್ಲಿ ಬೇರುಬಿಟ್ಟ, ಮನೆಯಲ್ಲಿ ತಮಿಳು ಮಾತಾಡುವ ಬೌದ್ಧ ಮನೆತನ. "ನಮ್ಮಪ್ಪ ಇದ್ದಬದ್ದ ದೇವರುಗಳನ್ನೆಲ್ಲ ಒಂದೇ ದಿನ ಮನೆಯಿಂದ ಕಳಿಸಿಕೊಟ್ಟ, ಬುದ್ಧನ್ನ ಕೂರಿಸ್ದ" ಅಂತ ನಗುತ್ತಿದ್ದರು. ಮದುವೆಯಾಗಲಿಲ್ಲ. ವಿಮಾನ ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದರು. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಅದೇ ಗೆರೆಗಳನ್ನು ಮಸಿಯಲ್ಲಿ ಎಳೆಯುವ ಕೆಲಸ. ಕಂಪ್ಯೂಟರ್ ಬಂದು ಆ ಕೆಲಸವೇ ಹೋಯಿತು, ಆದರೆ ಬೆರಳಿನ ಚಾಳಿ ಹೋಗಲಿಲ್ಲ. ಯಾವ ಕಟ್ಟಡದ ಮುಂದೆ ನಿಂತರೂ ಅವರ ತೋರುಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತಲೇ ಇರುತ್ತಿತ್ತು.

ನನಗೆ ಅವರ ಪರಿಚಯವಾದದ್ದೂ ಒಂದು ತಮಾಷೆಯೇ. ಯಾರದೋ ಹಳೆಯ ಮದುವೆಯ ಫೋಟೋ ತಂದು ಕೌಂಟರಿನ ಮೇಲಿಟ್ಟು, "ಇದನ್ನ ದೊಡ್ಡದು ಮಾಡಿ ಕೊಡ್ತೀಯಾ?" ಅಂದರು. ಮದುಮಕ್ಕಳ ಮುಖ ಮಾಸಿದೆ, ಸರಿಮಾಡಲು ಸ್ವಲ್ಪ ಕೆಲಸವಾಗುತ್ತೆ ಅಂದೆ. "ಅಯ್ಯೋ, ಮದುಮಕ್ಳು ಯಾರಿಗೆ ಬೇಕು ಕಣ್ಣಾ? ಹಿಂದೆ ಕಿಟಕಿ ಕಾಣ್ತಿದೆಯಲ್ಲ, ಅದನ್ನ ದೊಡ್ಡದು ಮಾಡು" ಅಂದರು. ಕಂಟೋನ್ಮೆಂಟಿನ ಹಳೆ ಬಂಗಲೆಯ ಕಿಟಕಿ. ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಮಂಕಿ ಟಾಪ್ ಅನ್ನುತ್ತಾರೆ. ಆ ಮನೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತಂತೆ. ಮದುಮಕ್ಕಳನ್ನು ಕತ್ತರಿಸಿ ಕಿಟಕಿಯನ್ನು ಉಳಿಸಿದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು. ಅಂದಿನಿಂದ ನನ್ನ ಹೆಸರು ಹೋಗಿ ನಾನು ಬರೀ "ಸ್ಟುಡಿಯೋ" ಆದೆ.

ಭಾನುವಾರ ಬೆಳಗ್ಗೆ ಶಿವಾಜಿನಗರದ ಮಾರ್ಕೆಟ್ ಮುಂದೆ ಯಾರು ಬಂದರೂ ಅವರನ್ನು ಕರೆದುಕೊಂಡು ಅಕ್ಕ ಹೊರಡುತ್ತಿದ್ದರು. ಆಫೀಸಿನ ಹುಡುಗ ಹುಡುಗಿಯರು, ಪಿಂಚಣಿ ತೆಗೆದುಕೊಂಡ ದಂಪತಿಗಳು, ಕ್ಯಾಮರಾ ಹಿಡಿದ ನಾನು. ಒಂದು ವಾರ ಇಂದಿರಾನಗರದ ಕಡೆ ಮೆಟ್ರೋ ಗೋಡೆಗಳ ಚಿತ್ರ, ಒಂದು ವಾರ ಫ್ರೇಜರ್ ಟೌನಿನ ಓಣಿಮನೆಗಳ ಕಿಟಕಿಯ ಜಾಲರಿ ಕೆಲಸ, ಬಹಳ ವಾರ ಮಾತ್ರ ಹಲಸೂರು ಕೆರೆಯ ದಾರಿ. ನಾನು ಕ್ಯಾಮರಾ ಎತ್ತಿದರೆ ಸಾಕು, ಕೈ ಹಿಡಿದು ಕೆಳಗಿಳಿಸುತ್ತಿದ್ದರು. "ಮೊದ್ಲು ಕಣ್ಣಲ್ಲಿ ತೆಗಿ. ಅದಕ್ಕೆ ಬ್ಯಾಟರಿ ಬೇಡ." ಕೈಬರಹದ ಉರ್ದು ಬೋರ್ಡು ಕಂಡರೆ ಅಂಗಡಿಯವನನ್ನು ಮಾತಿಗೆಳೆದು, ಅವನ ಭಾಷೆಯಲ್ಲೇ ಹರಟಿ, ನಮಗೆಲ್ಲ ಸುಲೈಮಾನಿ ಚಹಾ ಗಿಟ್ಟಿಸುತ್ತಿದ್ದರು. ಮಂಕಿ ಟಾಪ್ ಅಂತ ಯಾಕಂತಾರೆ ಅಂತ ಒಬ್ಬ ಹುಡುಗ ಕೇಳಿದ. "ಮಂಗ ಕೂತ್ಕೊಳ್ಳೋಕೆ ಅಂತ ಮಾಡಿದ್ದು. ಈಗ ಮಂಗಗಳು ಒಳಗಡೆ ಕೂತಿದಾವೆ, ಬಿಲ್ಡರ್ ಜೊತೆ ಮಾತಾಡ್ತಿದಾವೆ" ಅಂದರು. ಆ ಮನೆಯ ಯಜಮಾನರು ಗೇಟಿನ ಹತ್ತಿರವೇ ನಿಂತಿದ್ದರು. ನಾವು ತಲೆ ತಗ್ಗಿಸಿಕೊಂಡು ಓಡಿದೆವು.

ಮತ್ತೊಮ್ಮೆ ಇನ್ನೊಂದು ಮನೆಯ ಯಜಮಾನಿ, "ಯಾಕ್ರೀ ಹೀಗೆ ನಮ್ಮನೇನೇ ನುಂಗೋ ಹಾಗೆ ನೋಡ್ತಿದೀರಾ?" ಅಂತ ಜಗಳಕ್ಕೆ ಬಂದರು. ಅಕ್ಕ ಶಾಂತವಾಗಿ "ನೀವು ನೋಡ್ತಿಲ್ಲವಲ್ಲ, ಅದಕ್ಕೆ" ಅಂದು, ಆ ತಾಯಿಯ ಕೈ ಹಿಡಿದು ರಸ್ತೆಯ ಈಚೆಗೆ ಕರೆತಂದು, ಅವರದೇ ವರಾಂಡದ ಕಂಬಗಳನ್ನು ತೋರಿಸಿದರು. ಆಕೆ ತಮ್ಮ ಮನೆಯನ್ನು ಎದುರಿನಿಂದ ನಿಂತು ನೋಡಿಯೇ ಇರಲಿಲ್ಲವಂತೆ. ಬಿಸಿಬಿಸಿ ಇಡ್ಲಿ ಬಂತು.

ಒಂದು ಮಾತ್ರ ನಮಗೆ ವಿಚಿತ್ರವಾಗಿ ಕಾಣುತ್ತಿತ್ತು. ಮಸೀದಿಯ ಬಾಗಿಲು, ಚರ್ಚಿನ ಗಾಜು, ಗುಡಿಯ ಗೋಪುರ, ಎಲ್ಲದರ ಬಗ್ಗೆಯೂ ಹೇಳುತ್ತಿದ್ದರು. ಆದರೆ ಗುಡಿಗಳ ಒಳಕ್ಕೆ ಮಾತ್ರ ಬರುತ್ತಿರಲಿಲ್ಲ. ರಸ್ತೆಯಾಚೆ ನಿಂತು, ಗೋಪುರದ ಒಂದೊಂದು ಬೊಂಬೆಯನ್ನೂ ಬೆರಳಲ್ಲಿ ಬರೆದು ತೋರಿಸಿ, "ನೀವು ಹೋಗಿ ಬನ್ನಿ" ಅನ್ನುತ್ತಿದ್ದರು. ಬುದ್ಧನ ಕಡೆಯವರು, ಅದಕ್ಕೆ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೇಬಿಟ್ಟೆ. "ಅಪ್ಪ ಬುದ್ಧನ ಕಡೆ ಹೋದ. ಅಮ್ಮಂಗೆ ಮಾತ್ರ ಶುಕ್ರವಾರ ಬಂದ್ರೆ ತಡೀತಿರ್ಲಿಲ್ಲ. ಕೆಲ್ಸ ಮುಗಿಸ್ಕೊಂಡು ಬರೋವಾಗ ನನ್ನ ಕೈ ಹಿಡ್ಕೊಂಡು ಗುಡಿ ಎದುರಿಗೆ, ರಸ್ತೆ ಆ ಕಡೆ ನಿಂತ್ಕೊಳ್ಳೋಳು. ಒಳಗೆ ಬಾ ಅಂತ ಯಾರೂ ಕರೀಲಿಲ್ಲ. ಇವಳೂ ಹೋಗ್ಲಿಲ್ಲ. ನಂಗೆ ಆ ಜಾಗದಿಂದ ನೋಡಿಯೇ ಅಭ್ಯಾಸ" ಅಂದರು. ಮುಂದಿನ ಮಾತಿಗೆ ಎಡೆಯಿಲ್ಲದ ಹಾಗೆ ನಡೆಯತೊಡಗಿದರು.

ಅವರ ಅಮ್ಮ ಒಂದು ಆಂಗ್ಲೋ-ಇಂಡಿಯನ್ ಬಂಗಲೆಯಲ್ಲಿ ಅಡುಗೆಗೆ ಇದ್ದವರು. ಆ ಬಂಗಲೆ ಇದ್ದ ಓಣಿಯೇ ನಮ್ಮ ಹಲಸೂರು ದಾರಿಯಲ್ಲಿ ಕೆರೆಗೆ ಮುಂಚಿನ ಕೊನೆಯ ನಿಲ್ದಾಣ. ಬಂಗಲೆ ಎಂದೋ ನೆಲಸಮವಾಗಿ ಅಪಾರ್ಟ್‌ಮೆಂಟ್ ಎದ್ದಿತ್ತು. ಅದರ ಗೇಟಿನ ಮುಂದೆ, ರಸ್ತೆಯಂಚಿಗೆ, ಬಂಗಲೆಯ ಕಾಲದ ಮಳೆಮರ ಒಂದು ಉಳಿದಿತ್ತು. ಎಂಥ ಮರ ಅಂತೀರಿ! ಓಣಿಯ ಈ ತುದಿಯಿಂದ ಆ ತುದಿಗೆ ಅದೊಂದೇ ಚಪ್ಪರ. ಅಕ್ಕ ನಮಗೆಲ್ಲ ಹಳೆಯ ಪೇಪರ್ ಹಂಚಿ, ಅಪಾರ್ಟ್‌ಮೆಂಟಿನ ವಾಚ್‌ಮನ್ ಬಾಯಿ ಬಿಟ್ಟು ನೋಡುತ್ತಿದ್ದರೂ ಲೆಕ್ಕಿಸದೆ, ಫುಟ್‌ಪಾತಿನ ಮೇಲೆ ಅಂಗಾತ ಮಲಗಿಸುತ್ತಿದ್ದರು. "ಮಾತಾಡ್ಬೇಡಿ. ಛಾವಣಿ ನೋಡಿ. ಇದನ್ನ ಕಟ್ಟಿದ ಮೇಸ್ತ್ರಿ ಯಾರು ಹೇಳಿ ನೋಡೋಣ." ಸಂಜೆಗೆ, ಮಳೆ ಬರುವ ಮುಂಚೆ ಎಲೆ ಮಡಚಿಕೊಳ್ಳುವ ಮರ ಅದು. ಅಮ್ಮ ಕೆಲಸ ಮುಗಿಸುವ ತನಕ ತಾವಿಬ್ಬರು ಅಕ್ಕತಂಗಿಯರು ಅದರ ಬುಡದಲ್ಲೇ ಆಡುತ್ತಿದ್ದರಂತೆ. ಎಲೆ ಮಡಚಿತು ಅಂದರೆ ಅಮ್ಮ ಬರುವ ಹೊತ್ತಾಯಿತು ಅಂತ.

ಆ ಮರಕ್ಕೆ ಒಂದು ದಿನ ಕೆಂಪು ಬಣ್ಣದ ಗುರುತು ಬಿತ್ತು. ಮೋರಿ ಅಗಲ ಮಾಡಬೇಕು, ಮರ ಹೋಗಬೇಕು. ಅಕ್ಕ ಅರ್ಜಿ ಕೊಟ್ಟರು, ಕಂಡವರ ಕೈಕಾಲು ಹಿಡಿದರು. ಓಣಿಯವರು ಯಾರೂ ಜೊತೆಗೆ ಬರಲಿಲ್ಲ. ಎಲೆ ಉದುರುತ್ತೆ, ಹಕ್ಕಿಗಳು ಕಾರು ಗಲೀಜು ಮಾಡುತ್ತವೆ ಅನ್ನುವುದೇ ಅವರಿಗೆ ದೊಡ್ಡ ರಗಳೆ. ಕಂಟ್ರಾಕ್ಟರ್ ಕಡೆಯವನೊಬ್ಬ ಕನಿಕರದಿಂದ, "ಅರಳಿಮರ ಆಗಿದ್ರೆ ನಾವೇ ಮುಟ್ತಿರ್ಲಿಲ್ಲ ಅಮ್ಮಾ. ಇದು ಫಾರಿನ್ ಮರ, ಇದಕ್ಕೆ ದೇವರಿಲ್ಲ" ಅಂದನಂತೆ.

ಅಂದು ಸಂಜೆ ಅಕ್ಕನ ಫೋನು. "ಸ್ಟುಡಿಯೋ, ನಾಳೆ ಬೆಳಗ್ಗೆ ಸ್ಕೂಟರ್ ತಗೊಂಡು ಬಾ. ಒಂದು ಸಾಮಾನು ಸಾಗಿಸ್ಬೇಕು."

ಬೈಯಪ್ಪನಹಳ್ಳಿಯಲ್ಲಿ ಅವರದು ಕೆಳಮಹಡಿಯ ಎರಡು ಕೋಣೆಯ ಮನೆ. ಮುಂದೆ ಅಂಗೈಯಗಲದ ಅಂಗಳ, ಅಲ್ಲೊಂದು ರುಬ್ಬುವ ಒರಳು. ಅಕ್ಕ ಅದರ ಗುಂಡನ್ನು ತೊಳೆದು, ಟವೆಲಿನಲ್ಲಿ ಒರೆಸುತ್ತಿದ್ದರು. ಒಣಗಿದ ಮೇಲೂ ಒರೆಸುತ್ತಿದ್ದರು. "ಎತ್ತು" ಅಂದರು. ಎತ್ತಿದರೆ ಸೊಂಟ ಹಿಡಿಯಿತು.

"ಏನಕ್ಕ ಇದು?"

"ಕಾಣಲ್ವಾ, ರುಬ್ಬೋ ಗುಂಡು. ಮಿಕ್ಸಿ ಬಂದ್ಮೇಲೆ ಕೆಲ್ಸ ಇಲ್ದೆ ಕೂತಿದೆ. ದೇವರ ಕೆಲ್ಸಕ್ಕೆ ಸೇರಿಸೋಣ. ಫಾರಿನ್ ಮರಕ್ಕೆ ದೇವರಿಲ್ಲ ಅಂದ್ನಲ್ಲ, ನಾವೇ ಕರೆಸೋಣ."

ನನಗೆ ನಗು ತಡೆಯಲಾಗಲಿಲ್ಲ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ದೇವರನ್ನು ಕೂರಿಸಿಕೊಂಡು, ಹಿಂದೆ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಮರದ ಬುಡದಲ್ಲಿ ಎರಡು ಬೇರುಗಳ ನಡುವೆ ಗುಂಡನ್ನು ನೆಟ್ಟಗೆ ನಿಲ್ಲಿಸಿದೆವು. ಅಕ್ಕ ಅರಿಶಿನ ಬಳಿದರು. ಕುಂಕುಮದ ಪೊಟ್ಟಣ ಬಿಚ್ಚಿ, ಕೈ ತಡೆದು, "ನಂಗೆ ಅಭ್ಯಾಸ ಇಲ್ಲ ಕಣ್ಣಾ, ನೀನೇ ಇಡು. ನಮ್ಮಪ್ಪ ಇದ್ದಿದ್ರೆ ಚಪ್ಪಲಿ ತಗೊಳ್ತಿದ್ದ" ಅಂದರು. ಬೊಟ್ಟಿಟ್ಟವನು ನಾನು. ಹತ್ತೂವರೆಗೆಲ್ಲ ಗರಗಸದವರು ಬಂದರು. ಕಂಡರು. ಚಪ್ಪಲಿ ಬಿಟ್ಟರು. ಯಾರಿಗೋ ಫೋನು ಮಾಡಿದರು. ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಕೂತಿದ್ದ ನಾವಿಬ್ಬರು ಮಿಕಮಿಕ ನೋಡುತ್ತಿದ್ದಂತೆ, ಕೈ ಮುಗಿದು ಹೊರಟೇಹೋದರು! ಅಕ್ಕ ನಕ್ಕು ನಕ್ಕು ಕಣ್ಣಲ್ಲಿ ನೀರು ಬರಿಸಿಕೊಂಡರು. ಮುಂದೆ ಮೋರಿ ಬಂದದ್ದು ಮರಕ್ಕೆ ಪ್ರದಕ್ಷಿಣೆ ಹಾಕಿಕೊಂಡೇ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವಲ್ಲ, ನಮ್ಮಂಥ ದಡ್ಡರು ಇನ್ನುಂಟೇ! ಮೊದಲು ಒಂದು ಮೊಳ ಹೂವು ಬಂತು. ಆಮೇಲೆ ನಿಂಬೆಹಣ್ಣು, ಹಸಿರು ಬಳೆ. ಬೀದಿಯಲ್ಲಿ ಹೂ ಮಾರುವ ಸೆಲ್ವಿ ತನ್ನ ಬುಟ್ಟಿಯನ್ನು ಮರದ ಕೆಳಕ್ಕೆ ತಂದಿಟ್ಟಳು. ಅವಳ ಮಗಳಿಗೆ ಬಹಳ ಕಾಲ ಮಕ್ಕಳಿರಲಿಲ್ಲ, ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊತ್ತಳು, ಮಗುವಾಯಿತು. ಆ ಸುದ್ದಿ ಬಾಣಸವಾಡಿಯವರೆಗೆ ಹೋಯಿತು. ಕೊಂಬೆ ತುಂಬ ತೊಟ್ಟಿಲು ತೂಗಿದವು. ಮರದಮ್ಮ ಅಂತ ಹೆಸರಾಯಿತು. ತಗಡಿನ ಮಾಡು ಬಂತು, ಗ್ರಿಲ್ ಬಂತು, ಹುಂಡಿ ಬಂತು, ಕಮಿಟಿ ಬಂತು. ಕಮಿಟಿಗೆ ಅಧ್ಯಕ್ಷರು ಯಾರು? ಆ ಓಣಿಯಲ್ಲಿ ಬಾಡಿಗೆ ಕಟ್ಟಡವಿಟ್ಟುಕೊಂಡಿದ್ದ ನಮ್ಮ ಭಾವ, ಅಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ! ಅವರ ಫ್ಲೆಕ್ಸಿಗೆ ಕೈ ಮುಗಿದ ಫೋಟೋ ತೆಗೆದುಕೊಟ್ಟದ್ದೂ ನನ್ನ ಸ್ಟುಡಿಯೋವೇ.

"ಸ್ಟುಡಿಯೋ, ನಮ್ ದೇವರು ಬೆಳೀತಾ ಇದೆ ಕಣೋ" ಅಂದರು ಅಕ್ಕ ಒಂದು ಭಾನುವಾರ. ಅವರು ನಗಲಿಲ್ಲ.

ಇನ್ನೊಂದು ಭಾನುವಾರ ಓಣಿಯ ಬಾಯಲ್ಲೇ ಹೊಸ ಫ್ಲೆಕ್ಸು ತೂಗುತ್ತಿತ್ತು. ಗರ್ಭಗುಡಿ, ಗೋಪುರ, ಎರಡೂ ಬಗಲಲ್ಲಿ ಆನೆ. ಬಣ್ಣಬಣ್ಣದ ಆ ಚಿತ್ರದಲ್ಲಿ ಎಲ್ಲ ಇತ್ತು, ಮರ ಮಾತ್ರ ಇರಲಿಲ್ಲ. ನಾನು ಅಲ್ಲಿಂದಲೇ ಭಾವನಿಗೆ ಫೋನು ಮಾಡಿದೆ.

"ಏನ್ ಮಾಡೋದು ಬಾಮೈದ, ಬೇರು ಪಾಯ ಎತ್ತುತ್ತೆ. ಕೊಂಬೆ ಗೋಪುರಕ್ಕೆ ಅಡ್ಡ. ಮೇಲಾಗಿ ಇದೇನು ಅರಳಿನಾ, ಬೇವಾ? ಫಾರಿನ್ ಮರ. ಇದು ಶಾಸ್ತ್ರದಲ್ಲೇ ಇಲ್ಲ ಅಂದ್ಬಿಟ್ರು ಜೋಯಿಸ್ರು."

"ಮರದಮ್ಮ ಅಂತ ಹೆಸರಿಟ್ಕೊಂಡು ಮರ ಕಡೀತೀರಾ ಭಾವ?"

"ಅಮ್ಮ ಮುಖ್ಯ ಕಣೋ. ಮರ ಇನ್ನೊಂದು ಕಡೆ ನೆಟ್ರಾಯ್ತು."

ಅಕ್ಕ ಮನೆ ಬಾಗಿಲು ಹಾಕಿಕೊಂಡು ಕೂತರು. ಕಾರ್ಖಾನೆಯ ಕಾಲದ ಮಸಿ, ಪೆನ್ನು, ಟ್ರೇಸಿಂಗ್ ಹಾಳೆ ಹೊರಗೆ ತೆಗೆದರು. ಆ ಗುಡಿಗೆ ಅವರೇ ಒಂದು ನಕ್ಷೆ ಬರೆದರು. ಗೋಪುರವಿಲ್ಲ, ಗರ್ಭಗುಡಿ ಬೇರಿನಿಂದ ದೂರ ಸರಿದಿತ್ತು, ಮರವೇ ಮಂಟಪ, ಮರವೇ ಛಾವಣಿ. ಒಂದೊಂದು ಎಲೆಗೊಂಚಲನ್ನೂ ಎಳೆದಿದ್ದರು. ಗೆರೆ ಎಳೆಯುವಾಗ ಉಸಿರು ಹಿಡಿಯಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಆ ಹಾಳೆಗೆ ಎಷ್ಟು ಉಸಿರು ಹಿಡಿದಿದ್ದರೋ ಏನೋ.

ಕಮಿಟಿಯ ಸಭೆ ಆ ತಗಡಿನ ಮಾಡಿನ ಮುಂದೆಯೇ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಅಕ್ಕ ನಕ್ಷೆ ಬಿಡಿಸಿ ಹಿಡಿದರು. ಭಾವ ನೋಡಿದರು. ಕೆಟ್ಟವರಲ್ಲ ನಮ್ಮ ಭಾವ. ಚೆನ್ನಾಗಿದೆ ಅಂತಲೇ ಅಂದರು. ಸುರುಳಿ ಸುತ್ತಿ ವಾಪಸು ಕೊಟ್ಟು, "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮದು ಬುದ್ಧನ ಕಡೆ. ನೀವು ಒಂದಿನಾನೂ ಅಮ್ಮನಿಗೆ ಕೈ ಮುಗಿದಿದ್ದು ನಾವ್ ನೋಡಿಲ್ಲ. ನಮ್ ದೇವರ ವಿಷಯ ನಿಮಗ್ಯಾಕೆ ಹೇಳಿ?" ಅಂದರು.

ನನ್ನ ಮೈಯೆಲ್ಲ ಉರಿಯಿತು. ಯಾರ ದೇವರು? ಯಾರು ತಂದದ್ದು? "ಭಾವ, ಆ ಕಲ್ಲು ಇದೆಯಲ್ಲ" ಅಂತ ಬಾಯಿ ತೆರೆದೆ. ಅಕ್ಕ ನನ್ನ ಕಾಲನ್ನು ಬಲವಾಗಿ ತುಳಿದರು. ತಿರುಗಿ ನೋಡಿದೆ. ಉಸಿರು ಹಿಡಿದು ನಿಂತಿದ್ದರು. ಸೆಲ್ವಿ ಒಂದು ಕಡೆ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಅಕ್ಕ ನಕ್ಷೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, "ಬರ್ತೀನಪ್ಪಾ" ಅಂದು ಹೊರಟುಬಿಟ್ಟರು. ರಸ್ತೆಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಸುಮ್ನಿರು ಸ್ಟುಡಿಯೋ. ಆ ಕಲ್ಲಿನ ವಿಷಯ ಯಾರ ಹತ್ರಾನೂ ಎತ್ಬೇಡ. ನನ್ನ ಮೇಲೆ ಆಣೆ."

ಆಣೆ! ದೇವರನ್ನೇ ನಂಬದ ಬಾಯಲ್ಲಿ ಆಣೆ!

ಮುಂದೆ ಕಾಗದಪತ್ರ ಏನು ಮಾಡಿಕೊಂಡರೋ ನನಗೆ ತಿಳಿಯದು. ಒಂದು ಭಾನುವಾರ ನಾವು ಎಂದಿನಂತೆ ಹೋದಾಗ ಓಣಿಗೆ ಬಿಸಿಲು ಬಂದಿತ್ತು. ಎಂದೂ ಬಿಸಿಲು ಕಾಣದ ಓಣಿ ಅದು. ಗೋಡೆಗಳು ಬೆಳ್ಳಗೆ ಕಣ್ಣಿಗೆ ಹೊಡೆಯುತ್ತಿದ್ದವು, ನಾನು ಒಂದು ಕ್ಷಣ ದಾರಿ ತಪ್ಪಿ ಬೇರೆ ಓಣಿಗೆ ಬಂದೆವು ಅಂದುಕೊಂಡೆ. ಆಮೇಲೆ ನೆಲ ಕಂಡಿತು. ಕೊಂಬೆಗಳು ರಸ್ತೆ ತುಂಬ ಬಿದ್ದಿದ್ದವು, ತೊಟ್ಟಿಲುಗಳನ್ನೆಲ್ಲ ಬಿಚ್ಚಿ ಒಂದು ಗೋಣಿಚೀಲಕ್ಕೆ ತುಂಬಿ ಪಕ್ಕಕ್ಕಿಟ್ಟಿದ್ದರು. ಆ ಹಗಲಿನಲ್ಲೇ ಎಲೆಗಳೆಲ್ಲ ಸಂಜೆಯಾಯಿತೇನೋ ಅನ್ನುವಂತೆ ಮಡಚಿಕೊಂಡಿದ್ದವು. ನಮ್ಮ ಗುಂಪಿನ ಒಬ್ಬಳು ಹುಡುಗಿ ಗೊಳೋ ಅಂತ ಅತ್ತಳು.

ಅಕ್ಕ ಅಳಲಿಲ್ಲ. ಬೊಡ್ಡೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಊರಿದರು. ಅವರ ತೋರುಬೆರಳು ಅಲ್ಲಾಡಲಿಲ್ಲ; ಹಾಗೆ ಸುಮ್ಮನಿದ್ದ ಬೆರಳನ್ನು ನಾನು ಕಂಡದ್ದು ಆವತ್ತೇ. ಆಮೇಲೆ ಗ್ರಿಲ್ಲಿನ ಹತ್ತಿರ ಹೋಗಿ ಒಳಗೆ ಇಣುಕಿದರು. ಗುಂಡುಕಲ್ಲು ಮರದ ಹುಡಿ ಮೆತ್ತಿಕೊಂಡು ಕೂತಿತ್ತು. "ಮೇಲೊಂದು ಬಟ್ಟೆ ಹಾಕ್ಬಾರ್ದಾ?" ಅಂದರು, ಯಾರಿಗೂ ಅಲ್ಲದಂತೆ. ಸೆಲ್ವಿ ಓಡಿಬಂದು ತನ್ನ ಒದ್ದೆ ಟವೆಲಿನಿಂದ ಕಲ್ಲನ್ನು ಒರೆಸಿದಳು. ಅಕ್ಕ ಅದನ್ನೇ ನೋಡುತ್ತಾ ನಿಂತು, ನಮ್ಮ ಕಡೆ ತಿರುಗಿ, "ನಡೀರಿ, ಕೆರೆ ನೋಡೋಣ" ಅಂದರು.

ಕೆರೆಯ ದಂಡೆಯಲ್ಲಿ ಎಲ್ಲರೂ ಚದುರಿದ ಮೇಲೆ ನಾನು ಜಗಳಕ್ಕೆ ನಿಂತೆ. ಆಣೆಗೀಣೆ ಎಲ್ಲ ಆಚೆಗಿರಲಿ, ಒಂದೇ ಒಂದು ಮಾತು ಆಡಿದ್ದರೆ ಮರ ಉಳಿಯುತ್ತಿತ್ತು. ಅದು ನಮ್ಮನೆ ಗುಂಡು, ತಗೊಂಡು ಹೋಗ್ತೀನಿ ಅಂದಿದ್ದರೆ ಗುಡಿಯೂ ಇಲ್ಲ ಗೋಪುರವೂ ಇಲ್ಲ. ಒಂದು ಮರಕ್ಕೋಸ್ಕರ ರಸ್ತೆಯಲ್ಲಿ ಮಲಗುವ ನೀವು ಅವತ್ತು ನನ್ನ ಬಾಯಿ ಯಾಕೆ ಕಟ್ಟಿದಿರಿ ಅಂತ ಕೂಗಾಡಿದೆ. ವಾಕಿಂಗಿನವರು ನಿಂತು ನೋಡುತ್ತಿದ್ದರು.

"ಸೆಲ್ವಿ ಕೈಲಿ ಮಗು ಇದೆ ಕಣ್ಣಾ. ಅದನ್ನ ರುಬ್ಬೋ ಗುಂಡು ಕೊಟ್ತು ಅಂತ ಹೇಳ್ಲಾ?" ಅಂದರು.

ಅದು ಸುಳ್ಳಲ್ಲ. ಆದರೆ ಪೂರ್ತಿ ಕಾರಣವೂ ಅಲ್ಲ ಅಂತ ನನಗೆ ಒಳಗೊಳಗೇ ಅನಿಸುತ್ತಿತ್ತು. ಗುಡಿ ಎದ್ದಿತು. ಗೋಪುರ ಎದ್ದಿತು. ಅಕ್ಕ ಆ ಓಣಿಯನ್ನು ಬಿಡಲಿಲ್ಲ. ಪ್ರತಿಸಲವೂ ನಮ್ಮನ್ನು ಅಲ್ಲಿಗೆ ಕರೆದೊಯ್ದು, ರಸ್ತೆಯಾಚೆ ನಿಂತು, ಏನೂ ಹೇಳದೆ ಸ್ವಲ್ಪ ಹೊತ್ತು ನೋಡಿ ಮುಂದಕ್ಕೆ ನಡೆಯುತ್ತಿದ್ದರು. ಮರಕ್ಕಾಗಿ ಮೌನ ಅಂದುಕೊಂಡು ನಾವೂ ತಲೆ ಬಗ್ಗಿಸಿ ನಿಲ್ಲುತ್ತಿದ್ದೆವು. ಹಿಂದಿನಿಂದ ನಾನೊಂದು ಫೋಟೋವನ್ನೂ ತೆಗೆದಿದ್ದೆ. ಈಗ ನೋಡಿದರೆ ತಿಳಿಯುತ್ತದೆ, ಮರವಿದ್ದದ್ದು ಎಡಕ್ಕೆ. ಅವರು ನೋಡುತ್ತಿದ್ದದ್ದು ನೆಟ್ಟಗೆ ಗರ್ಭಗುಡಿಯ ಬಾಗಿಲನ್ನು.

ಫೋನು ಬಂದ ಆ ದಿನ ಸ್ಟುಡಿಯೋ ಮುಚ್ಚಿ ಬೈಯಪ್ಪನಹಳ್ಳಿಗೆ ಓಡಿದೆ. ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಬೌದ್ಧ ಭಿಕ್ಷು ಭಂತೇಜಿ ಬಂದು ಪಠಣ ಮಾಡಿದರು. ಸಂಸ್ಕಾರ ಮುಗಿಸಿ ಬಂದು, ಅಂಗಳದಲ್ಲಿ ಸುಮ್ಮನೆ ಕೂತಾಗ ಒರಳು ಕಣ್ಣಿಗೆ ಬಿತ್ತು. ಅಕ್ಕ ಗುಬ್ಬಿಗಳಿಗೆಂದು ಅದರ ಗುಳಿಯಲ್ಲಿ ನೀರು ತುಂಬಿಡುತ್ತಿದ್ದರು. ಬಾಣಸವಾಡಿಯ ತಂಗಿ, ನಾನು ಚಿಕ್ಕಕ್ಕ ಅನ್ನುತ್ತೇನೆ, ಆ ನೀರು ಬದಲಾಯಿಸುತ್ತಾ ಹೇಳಿದರು:

"ಇದರ ಗುಂಡು ಎಲ್ಲೋಯ್ತು ಅಂತ ನಿಂಗೇನಾದ್ರೂ ಗೊತ್ತೇನಪ್ಪಾ? ಕೇಳಿದ್ರೆ, ಒಳ್ಳೆ ಕಡೆ ಇಟ್ಟಿದೀನಿ ಅನ್ನೋಳು, ಎಲ್ಲಿ ಅಂತ ಹೇಳ್ತಿರ್ಲಿಲ್ಲ. ನಮ್ಮಮ್ಮಂದು ಅದು. ಆ ದೊರೆಸಾನಿ ಮನೆ ಹಿತ್ತಲಲ್ಲಿ ವರ್ಷಗಟ್ಟಲೆ ಅದರಲ್ಲೇ ರುಬ್ಬಿದ್ದು ಅಮ್ಮ. ಅವರು ಆಸ್ಟ್ರೇಲಿಯಾಗೆ ಹೋಗೋವಾಗ ಪಿಯಾನೋ ಯಾರಿಗೋ ಕೊಟ್ರು, ಬೀರು ಯಾರಿಗೋ ಕೊಟ್ರು, ಅಮ್ಮಂಗೆ ಒರಳು ಕೊಟ್ರು. ಅಮ್ಮಂದು ಅಂತ ನಮಗಿರೋದು ಇದೊಂದೇ. ಒಂದು ಫೋಟೋನೂ ಇಲ್ಲ. ಗುಂಡು ಹಿಡಿಯೋ ಜಾಗ ಅವಳ ಕೈ ತಾಗಿ ತಾಗಿ ಗಾಜಿನ ಹಾಗೆ ಆಗಿತ್ತು. ಸಿಕ್ಕಿದ್ರೆ ತಂದ್ಕೊಡಪ್ಪಾ."

ಆ ಗುಂಡನ್ನು ನನ್ನ ಸ್ಕೂಟರಿನ ಮೇಲೆ, ನನ್ನ ಎರಡು ಕಾಲಿನ ನಡುವೆ ಇಟ್ಟುಕೊಂಡು ಹೋಗಿದ್ದೆ. ಹಾಡು ಬೇರೆ ಗುನುಗಿದ್ದೆ. ಮಿಕ್ಸಿ ಬಂದ ಮೇಲೆ ಕೆಲಸವಿಲ್ಲದೆ ಕೂತಿದೆ ಅಂತ ಅಕ್ಕ ಹೇಳಿದ್ದನ್ನು ನಿಜವೆಂದೇ ನಂಬಿದ್ದೆ. ಮರ ಉಳಿಸಲು ಮನೆಯಲ್ಲಿದ್ದ ಬೆಲೆಬಾಳುವ ವಸ್ತು ಅದೊಂದನ್ನೇ ಕೊಟ್ಟಿದ್ದರು ಆಕೆ. ಆಮೇಲೆ ಮರ ಉಳಿಯಬೇಕೋ, ಅಮ್ಮನ ಕಲ್ಲು ಗುಡಿಯೊಳಗೇ ಉಳಿಯಬೇಕೋ, ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂತು.

ಆಣೆ ಇದ್ದದ್ದು ಅಕ್ಕನ ಮೇಲೆ. ಅಕ್ಕನೇ ಹೋದ ಮೇಲೆ, ಅದೂ ಒಡಹುಟ್ಟಿದ ತಂಗಿಗೆ ಮುಚ್ಚಿಡುವುದು ಯಾವ ನ್ಯಾಯ? ಮರುದಿನ ಶುಕ್ರವಾರ. ಚಿಕ್ಕಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಓಣಿಗೆ ಹೋದೆ. ದಾರಿಯುದ್ದಕ್ಕೂ ನಡೆದದ್ದನ್ನೆಲ್ಲ ಹೇಳಿದೆ. ಗುಡಿಯ ಎದುರು, ರಸ್ತೆಯಾಚೆ, ಅಕ್ಕ ನಿಲ್ಲುತ್ತಿದ್ದ ಜಾಗದಲ್ಲೇ ಚಿಕ್ಕಕ್ಕನೂ ನಿಂತುಬಿಟ್ಟರು. ನಾನು ಇಲ್ಲಿ ನಿಲ್ಲಿ ಅಂದಿರಲಿಲ್ಲ.

ಜನ ಕಿಕ್ಕಿರಿದಿದ್ದರು. ಒಳಗೆ ದೀಪ ಉರಿಯುತ್ತಿತ್ತು. ಕಲ್ಲಿಗೆ ಬೆಳ್ಳಿಯ ಕಣ್ಣು, ಮೂಗುತಿ, ಕೆಂಪು ರೇಷ್ಮೆ ಸೀರೆ. ಅರ್ಚಕರು ಕುಂಕುಮ ಇಡುತ್ತಿದ್ದದ್ದು ಕೈ ಹಿಡಿದು ಹಿಡಿದು ನುಣುಪಾದ ಆ ನೆತ್ತಿಗೇ. ಚಿಕ್ಕಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮಮ್ಮ ಒಂದಿನಾನೂ ರೇಷ್ಮೆ ಉಟ್ಟೋಳಲ್ಲ" ಅಂದರು.

"ಚಿಕ್ಕಕ್ಕ, ನೀವು ಹೂಂ ಅನ್ನಿ, ಇವತ್ತೇ ಭಾವನಿಗೆ ಹೇಳ್ತೀನಿ. ಏನಾದ್ರೂ ಆಗ್ಲಿ, ತಂದ್ಕೊಡ್ತೀನಿ" ಅಂದೆ. ನಿಜವಾಗಿ ತರುತ್ತಿದ್ದೆ.

ಅವರು ಬಹಳ ಹೊತ್ತು ನೋಡಿದರು. ಹೆಂಗಸರು ಸಾಲಾಗಿ ಹೋಗಿ ಹಣೆ ಹಚ್ಚುತ್ತಿದ್ದರು. ಸೆಲ್ವಿಯ ಮೊಮ್ಮಗು ಹೊಸ್ತಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿತ್ತು.

"ಬೇಡ" ಅಂದರು. "ಒಳಗೇ ಇರ್ಲಿ."

ಅಷ್ಟರಲ್ಲಿ ಭಾವ ಪುಳಿಯೋಗರೆಯ ದೊನ್ನೆ ಹಿಡಿದು ರಸ್ತೆ ದಾಟಿ ಬಂದರು. "ಏನ್ ಬಾಮೈದ, ಇಲ್ಲೇ ನಿಂತ್ಬಿಟ್ಟೆ? ಯಾರು ಇವರು?"

"ಅಮ್ಮನ ಕಡೆಯೋರು ಭಾವ" ಅಂದೆ.

"ಹಾಗಾದ್ರೆ ಹೊರಗ್ಯಾಕೆ ನಿಲ್ಸಿದೀಯೋ? ಬನ್ನಿ ತಾಯಿ, ಒಳಗೆ ಬನ್ನಿ" ಅಂದು ಭಾವ ಮುಂದೆ ನಡೆದರು. ಚಿಕ್ಕಕ್ಕ ನನ್ನ ಮುಖ ನೋಡಿದರು, ಚಪ್ಪಲಿ ಬಿಟ್ಟರು, ರಸ್ತೆ ದಾಟಿದರು.